ಹಂಪಿ ಕಲ್ಲಿನ ರಥದ ಹಳೇ ಫೋಟೋ ಹರಾಜಿಗೆ ಬಂದಿದೆ, ಕೂಗಬಹುದಾ?

ಕಮಲಾಪುರದವನು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸಣ್ಣ ಹರಾಜು ಮನೆಯವರ ಈ ತಿಂಗಳ ಪಟ್ಟಿ ನೋಡುತ್ತಿದ್ದೆ. ನಾಣ್ಯ, ಅಂಚೆಚೀಟಿ, ಹಳೇ ನಕ್ಷೆಗಳ ಮಧ್ಯೆ ಒಂದು ಫೋಟೋ ಕಂಡಿತು. ಹಂಪಿ ವಿಠ್ಠಲ ದೇವಸ್ಥಾನದ ಕಲ್ಲಿನ ರಥ. ಆದರೆ ನಾವು 50 ರೂಪಾಯಿ ನೋಟಿನಲ್ಲಿ ನೋಡುವ ರಥ ಅಲ್ಲ. ಇದರ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರ ಇದೆ!

ನಾನು ಹುಟ್ಟಿದ್ದು ಕಮಲಾಪುರದಲ್ಲಿ. ರಥದ ಮೇಲೆ ಗೋಪುರ ಇತ್ತು ಅಂತ ನಮ್ಮಜ್ಜ ಹೇಳುತ್ತಿದ್ದರು. ಅವರೂ ನೋಡಿದವರಲ್ಲ, ಅವರ ಅಜ್ಜನ ಬಾಯಲ್ಲಿ ಕೇಳಿದ್ದು. ನಾವು ಹುಡುಗರು ನಗುತ್ತಿದ್ದೆವು. ಈಗ ನೋಡಿದರೆ ಫೋಟೋನೇ ಎದುರಿಗಿದೆ.

ಪಟ್ಟಿಯಲ್ಲಿ ಬರೆದಿರುವುದು ಇಷ್ಟು: ಛಾಯಾಗ್ರಾಹಕ ಅಲೆಕ್ಸಾಂಡರ್ ಗ್ರೀನ್‌ಲಾ, 1856, ವಿಂಟೇಜ್ ಆಲ್ಬುಮೆನ್ ಪ್ರಿಂಟ್, ರಟ್ಟಿಗೆ ಅಂಟಿಸಿದ್ದು, ಅಂಚಿನಲ್ಲಿ ಕಲೆ. ಅಂದಾಜು ಬೆಲೆ ಒಂದೂವರೆಯಿಂದ ಎರಡು ಲಕ್ಷ. ನನ್ನ ಕೈಲಿ ಇರುವುದು 45 ಸಾವಿರ. ಹರಾಜಿಗೆ ಹೋಗಿ ಗೊತ್ತಿಲ್ಲ. ಇದು ಅಸಲಿಯಾ? ಬೆಲೆ ಸರಿಯಾ? ತಿಳಿದವರು ಹೇಳಿ.

ರವೆ ಇಡ್ಲಿ

ಅಣ್ಣ, ಎರಡು ಲಕ್ಷನಾ? ಆ ಗೋಪುರ ಇರುವ ರಥದ ಫೋಟೋ ವಿಕಿಮೀಡಿಯ ಕಾಮನ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಕಾಪಿರೈಟ್ ಮುಗಿದು ಯಾವ ಕಾಲ ಆಯಿತು. ಇಳಿಸಿಕೊಂಡು ಒಳ್ಳೇ ಕಾಗದದ ಮೇಲೆ ಪ್ರಿಂಟ್ ಹಾಕಿಸಿದರೆ 300 ರೂಪಾಯಿ. ಕಟ್ಟು ಹಾಕಿಸಿ ಗೋಡೆಗೆ ಹೊಡೆದರೆ ಮುಗಿಯಿತು. ಬಂದವರು ಯಾರೂ ವ್ಯತ್ಯಾಸ ಕೇಳುವುದಿಲ್ಲ.

ಡಾರ್ಕ್‌ರೂಮ್ ಮಾವ

ಇಡ್ಲಿಯವರೇ, ಹಾಗೆ ನೋಡಿದರೆ ಯಾವ ಹಳೇ ವಸ್ತುವನ್ನೂ ಯಾರೂ ಕೊಳ್ಳಬಾರದು. ಇರಲಿ.

ಗದಗಿನಲ್ಲಿ 30 ವರ್ಷ ಸ್ಟುಡಿಯೋ ನಡೆಸಿದವನು ನಾನು. ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ಫೋಟೋಗೆ ಎರಡು ವಯಸ್ಸು. ನೆಗೆಟಿವ್ ತೆಗೆದ ದಿನ ಒಂದು, ಅದನ್ನು ಕಾಗದದ ಮೇಲೆ ಇಳಿಸಿದ ದಿನ ಇನ್ನೊಂದು. ಹರಾಜಿನಲ್ಲಿ ನೀವು ಕೊಳ್ಳುವುದು ಕಾಗದವನ್ನು. ಚಿತ್ರ ಎಲ್ಲರದ್ದೂ ಹೌದು, ಇಡ್ಲಿಯವರು ಹೇಳಿದ್ದು ಅಷ್ಟರ ಮಟ್ಟಿಗೆ ಸರಿ.

ವಿಂಟೇಜ್ ಪ್ರಿಂಟ್ ಅಂದರೆ ಸುಮ್ನೆ ಹಳೇ ಪ್ರಿಂಟ್ ಅಲ್ಲ. ನೆಗೆಟಿವ್ ತೆಗೆದ ಕೆಲವೇ ವರ್ಷಗಳಲ್ಲಿ, ತೆಗೆದವನೇ ಅಥವಾ ಅವನ ಕಣ್ಣೆದುರು ಬೇರೆಯವರು ಹಾಕಿದ ಪ್ರಿಂಟ್. ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಹಳ್ಳಿಯ ಮೇಲೆ ಚಂದ್ರ ಮೂಡುವ ಚಿತ್ರ ತೆಗೆದರು. ಆ ಒಂದೇ ನೆಗೆಟಿವ್‌ನಿಂದ ಜೀವನವಿಡೀ 1,300ಕ್ಕೂ ಜಾಸ್ತಿ ಪ್ರಿಂಟ್ ಹಾಕಿದರು. ಹಳೇ ಪ್ರಿಂಟ್‌ಗಳಲ್ಲಿ ಆಕಾಶ ಬೂದು, ಕೊನೆಕೊನೆಗೆ ಹಾಕಿದವುಗಳಲ್ಲಿ ಕಾಡಿಗೆ ಕಪ್ಪು. ಎಲ್ಲವೂ ಅವರೇ ಹಾಕಿದ್ದು, ಆದರೂ ಬೆಲೆ ಒಂದೇ ಅಲ್ಲ. 1948ರಲ್ಲಿ ಹಾಕಿದ ಒಂದು ಪ್ರಿಂಟ್ 2006ರಲ್ಲಿ 6,09,600 ಡಾಲರ್‌ಗೆ ಹೋಯಿತು.

2022ರಲ್ಲಿ ಅಮೆರಿಕದ ಕಲಾವಿದ ಮ್ಯಾನ್ ರೇ ಅವರ 1924ರ ಒಂದು ಪ್ರಿಂಟ್ ನ್ಯೂಯಾರ್ಕಿನಲ್ಲಿ 1.24 ಕೋಟಿ ಡಾಲರ್ ಮುಟ್ಟಿತು. ಹೆಂಗಸಿನ ಬೆನ್ನ ಮೇಲೆ ಪಿಟೀಲಿನ ತೂತು ಬಿಡಿಸಿದ ಚಿತ್ರ, ನೋಡಿರುತ್ತೀರಿ. ಆ ಚಿತ್ರದ ಪೋಸ್ಟರ್ ಊರೂರಲ್ಲಿ ಸಿಗುತ್ತದೆ.

ನಿಮ್ಮ ಲಾಟ್‌ನ, ಅಂದರೆ ಹರಾಜಿಗಿಟ್ಟ ಆ ಪ್ರಿಂಟ್‌ನ, ಫೋಟೋ ದೊಡ್ಡದಾಗಿ ಇದ್ದರೆ ಹಾಕಿ, ನೋಡೋಣ.

ಕಮಲಾಪುರದವನು

ಹಾಕಿದ್ದೇನೆ ಮಾವ. ಮುಂಭಾಗ ಮತ್ತು ಕೆಳಗಿನ ಮೂಲೆ ಎರಡೂ ಇವೆ. ಹಿಂಬದಿಯ ಫೋಟೋ ಅವರು ಕೊಟ್ಟಿಲ್ಲ.

ಹೊಸಪೇಟೆ ಗೈಡ್

ಅಯ್ಯೋ, ನಮ್ಮ ರಥ! ದಿನಾ ಅದರ ಮುಂದೆ ನಿಂತು ಕಥೆ ಹೇಳುವವನು ನಾನು. ಗೋಪುರ ಇದ್ದದ್ದು ನಿಜ, ನಿಮ್ಮಜ್ಜ ಸುಳ್ಳು ಹೇಳಿಲ್ಲ. ಕಲ್ಲಿನ ಗುಡಿಯ ಮೇಲೆ ಇಟ್ಟಿಗೆ ಗಾರೆಯ ಶಿಖರ. 1856ರಲ್ಲಿ ಗ್ರೀನ್‌ಲಾ ತೆಗೆದ ಚಿತ್ರದಲ್ಲೂ ಇದೆ, 1868ರಲ್ಲಿ ಎಡ್ಮಂಡ್ ಲಯನ್ ತೆಗೆದದ್ದರಲ್ಲೂ ಇದೆ. ಆಮೇಲೆ ಹೋಯಿತು. ನಾನು ಗ್ರೀನ್‌ಲಾ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಪ್ರವಾಸಿಗರಿಗೆ ತೋರಿಸುತ್ತೇನೆ. ಅರ್ಧ ಜನ ನಂಬುವುದಿಲ್ಲ, ಕಂಪ್ಯೂಟರ್‌ನಲ್ಲಿ ಮಾಡಿದ್ದು ಅಂತಾರೆ.

ಇನ್ನೊಂದು ವಿಷಯ. 1983ರಲ್ಲಿ ಜಾನ್ ಗೋಲಿಂಗ್ಸ್ ಅಂತ ಆಸ್ಟ್ರೇಲಿಯಾದ ಛಾಯಾಗ್ರಾಹಕರು ಬಂದು, ಗ್ರೀನ್‌ಲಾ ಕ್ಯಾಮೆರಾ ಇಟ್ಟ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ರವೆ ಇಡ್ಲಿ

ಹಾಗಾದರೆ ಗೋಪುರ ಇದೆ ಅಂದಮೇಲೆ ಫೋಟೋ ಅಸಲಿ. ಚರ್ಚೆ ಮುಗಿಯಿತಲ್ಲ?

ಸೀತಾಳೆ

ಇಲ್ಲ ಇಡ್ಲಿ, ಈಗಷ್ಟೇ ಶುರು. ಹಳೇ ಕಾಗದಪತ್ರ ಕಾಪಾಡುವುದು ನನ್ನ ಕೆಲಸ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಗೋಪುರ ಹೇಳುವುದು ನೆಗೆಟಿವ್‌ನ ವಯಸ್ಸನ್ನು ಮಾತ್ರ. ಗೋಪುರ ಬೀಳುವ ಮೊದಲು ತೆಗೆದ ನೆಗೆಟಿವ್‌ನಿಂದ ನಿನ್ನೆಯೂ ಪ್ರಿಂಟ್ ಹಾಕಬಹುದು. ಮಾವ ಹೇಳಿದ ಎರಡು ವಯಸ್ಸು ಅಂದರೆ ಇದೇ.

ನನಗೆ ಮೊದಲು ತೊಡರಿದ್ದು ಗ್ರೀನ್‌ಲಾ ಹೆಸರು. ಅವರು ಮದ್ರಾಸ್ ಸೈನ್ಯದ ಅಧಿಕಾರಿ. ಹಂಪಿಯಲ್ಲಿ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್, ಗಾಜಿನದ್ದಲ್ಲ. ಕಾಗದದ ನೆಗೆಟಿವ್‌ನಲ್ಲಿ ಬೆಳಕು ಎಳೆಗಳ ಮೂಲಕ ಹಾದುಬರಬೇಕು. ಅದಕ್ಕೆ ಚಿತ್ರ ಸ್ವಲ್ಪ ಮೆತ್ತಗೆ, ಮಂಜಿನ ಹಿಂದೆ ಇದ್ದ ಹಾಗೆ ಬರುತ್ತದೆ. ಬಿಸಿಲಲ್ಲೂ ತುಂಬಾ ಹೊತ್ತು ಕ್ಯಾಮೆರಾ ತೆರೆದಿಡಬೇಕು. ಗಾಳಿಗೆ ಅಲುಗಿದ ಗಿಡ ಹತ್ತಿ ಉಂಡೆ ಆಗುತ್ತದೆ.

ಈಗ ನೀವು ಹಾಕಿದ ಫೋಟೋ ದೊಡ್ಡದು ಮಾಡಿ ನೋಡಿ. ಗೋಪುರದ ಬಿರುಕಿನಲ್ಲಿ ಬೆಳೆದ ಗಿಡದ ಎಲೆ ಎಣಿಸಬಹುದು. ಚಕ್ರದ ಹೂವಿನ ಕೆತ್ತನೆ ಚೂಪಾಗಿ ಕಾಣುತ್ತದೆ. ಇದು ಗಾಜಿನ ನೆಗೆಟಿವ್‌ನ ಚಿತ್ರ ಅಂತ ನನಗೆ ಅನಿಸುತ್ತದೆ. ಕ್ಯಾಮೆರಾ ಇಟ್ಟ ಕೋನವೂ ಗ್ರೀನ್‌ಲಾ ಚಿತ್ರದ್ದಲ್ಲ. ಗೈಡ್ ಅವರೇ, ನಿಮ್ಮ ಮೊಬೈಲಿನಲ್ಲಿ ಇದೆಯಲ್ಲ, ಹೋಲಿಸಿ ನೋಡುತ್ತೀರಾ?

ಹೊಸಪೇಟೆ ಗೈಡ್

ನೋಡಿದೆ ಮೇಡಂ. ಬೇರೆ ಕೋನ. ನೂರಕ್ಕೆ ನೂರು. ಹಿಂದೆ ಕಾಣುವ ಮಂಟಪದ ಕಂಬಗಳನ್ನು ರಥ ಮರೆ ಮಾಡುವ ರೀತಿಯೇ ಬೇರೆ. ಇವನು ಐದಾರು ಹೆಜ್ಜೆ ಪಕ್ಕಕ್ಕೆ ನಿಂತಿದ್ದಾನೆ.

ಡಾರ್ಕ್‌ರೂಮ್ ಮಾವ

ಸೀತಾಳೆ ಮೇಡಂ, ಭಲೇ. ನಾನು ಬೆಲೆಯ ಕಡೆ ನೋಡಿದೆ, ಎಲೆಯ ಕಡೆ ನೋಡಲಿಲ್ಲ.

ಕಮಲಾಪುರದವನು

ಅಂದರೆ ಇದು ನಕಲಿಯಾ?

ಸೀತಾಳೆ

ನಕಲಿ ಅಂತ ನಾನು ಹೇಳಲಿಲ್ಲ. ಹೆಸರು ತಪ್ಪು ಇರಬಹುದು, ಅಷ್ಟೇ. ಯಾರೋ ಅಂತರ್ಜಾಲದಲ್ಲಿ ಹುಡುಕಿ, ಗೋಪುರ ಇರುವ ರಥ ಅಂದರೆ ಗ್ರೀನ್‌ಲಾ ಅಂತ ಬರೆದುಬಿಟ್ಟಿದ್ದಾರೆ. ಹೆಸರು ಹೋದರೆ ಬೆಲೆ ಇಳಿಯುತ್ತದೆ, ನಿಮಗೆ ಅದು ಒಳ್ಳೆಯದೇ. ಆದರೆ ಪ್ರಿಂಟ್ ಎಷ್ಟು ಹಳೆಯದು ಅನ್ನುವುದು ಕೈಯಲ್ಲಿ ಹಿಡಿದು ನೋಡದೆ ಗೊತ್ತಾಗುವುದಿಲ್ಲ. ಹರಾಜಿಗೆ ಮುಂಚೆ ಎರಡು ದಿನ ನೋಡಲು ಇಡುತ್ತಾರೆ. ಹೋಗಿ ಬನ್ನಿ. ಕಂಡೀಷನ್ ರಿಪೋರ್ಟ್, ಅಂದರೆ ಪ್ರಿಂಟ್ ಯಾವ ಸ್ಥಿತಿಯಲ್ಲಿದೆ ಅನ್ನುವ ವರದಿ, ಬರವಣಿಗೆಯಲ್ಲಿ ಕೇಳಿ, ಹಿಂಬದಿಯ ಫೋಟೋ ಸಮೇತ. ಕೇಳಲು ಸಂಕೋಚ ಬೇಡ, ಕೊಳ್ಳುವವರ ಹಕ್ಕು ಅದು.

ಡಲ್ಲಾಸ್ ಧಾರವಾಡಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮೆ ಇರಲಿ. ನನಗೂ ಆ ಲಾಟ್ ಮೇಲೆ ಕಣ್ಣಿದೆ. ಕಮಲಾಪುರದವರ ಜೊತೆ ಪೈಪೋಟಿಗೆ ಇಳಿಯುವ ಆಸೆ ಇಲ್ಲ, ಆದರೆ ಕೇಳುತ್ತೇನೆ: ಗೆದ್ದರೆ ಇಲ್ಲಿಗೆ ತರಿಸಿಕೊಳ್ಳಬಹುದಾ?

ಸೀತಾಳೆ

ಆಸೆ ಬಿಡಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಕಲಾಕೃತಿಯನ್ನು ಖಾಸಗಿಯವರು ದೇಶದಿಂದ ಆಚೆ ಒಯ್ಯುವ ಹಾಗಿಲ್ಲ. ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ರಫ್ತಿಗೆ ಅವಕಾಶವಿಲ್ಲ ಅಂತ ಬರೆದೇ ಇದ್ದಾರೆ. ಧಾರವಾಡದ ಮನೆಯಲ್ಲಿ ಇಟ್ಟು ರಜೆಗೆ ಬಂದಾಗ ನೋಡಬಹುದು.

ಡಲ್ಲಾಸ್ ಧಾರವಾಡಿ

ಧಾರವಾಡದ ಮನೆಯಲ್ಲಿ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಕಮಲಾಪುರದವರೇ, ದಾರಿ ಬಿಟ್ಟೆ. ಗೆದ್ದು ಬನ್ನಿ.

ಡಾರ್ಕ್‌ರೂಮ್ ಮಾವ

ನೋಡಲು ಹೋಗುವಾಗ ಜೇಬಿನಲ್ಲಿ ಎರಡೇ ವಸ್ತು ಇರಲಿ. ಒಂದು ಭೂತಗನ್ನಡಿ, ಹತ್ತು ಪಟ್ಟು ದೊಡ್ಡದು ಮಾಡುವಂಥದ್ದು, ಅಕ್ಕಸಾಲಿಗರ ಹತ್ತಿರ ಇರುತ್ತದಲ್ಲ ಅದು. ಇನ್ನೊಂದು ಅಂಗಡಿಯಲ್ಲಿ ನೋಟು ನೋಡುವ ನೀಲಿ ಲೈಟು.

ಭೂತಗನ್ನಡಿಯಲ್ಲಿ ಚುಕ್ಕಿ ಚುಕ್ಕಿ ಸಾಲಾಗಿ ಕಂಡರೆ ಎದ್ದು ಬನ್ನಿ. ಅದು ಅಚ್ಚಿನ ಮೆಷಿನ್ನಿನ ಚಿತ್ರ, ಪುಸ್ತಕದ ಹಾಳೆ ಕತ್ತರಿಸಿದ್ದು. ಆಲ್ಬುಮೆನ್ ಅಂದರೆ ಮೊಟ್ಟೆಯ ಬಿಳಿ. ತೆಳು ಕಾಗದಕ್ಕೆ ಉಪ್ಪು ಬೆರೆಸಿದ ಮೊಟ್ಟೆಯ ಬಿಳಿ ಸವರಿ, ಒಣಗಿಸಿ, ಬೆಳ್ಳಿಯ ದ್ರಾವಣದ ಮೇಲೆ ತೇಲಿಸುತ್ತಿದ್ದರು. 1850ರಲ್ಲಿ ಫ್ರಾನ್ಸಿನ ಬ್ಲಾಂಕಾರ್ ಎವ್ರಾರ್ ತಂದ ವಿಧಾನ. ಆಮೇಲೆ ನೆಗೆಟಿವ್ ಕೆಳಗೆ ಇಟ್ಟು ಬಿಸಿಲಿಗೆ ಹಿಡಿದರೆ ಚಿತ್ರ ತಾನಾಗಿ ಮೂಡುತ್ತದೆ. ಎನ್‌ಲಾರ್ಜರ್ ಇಲ್ಲ, ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟೂ ಅಷ್ಟೇ. ಆ ಕಾಗದ ಎಷ್ಟು ತೆಳು ಅಂದರೆ ಬಿಟ್ಟರೆ ಸುರುಳಿ ಸುತ್ತಿಕೊಳ್ಳುತ್ತದೆ. ಅದಕ್ಕೇ ರಟ್ಟಿಗೆ ಅಂಟಿಸುತ್ತಿದ್ದರು.

ಭೂತಗನ್ನಡಿಯಲ್ಲಿ ಕಾಗದದ ಎಳೆ ಕಾಣಬೇಕು. ಮೇಲೆ ತೆಳುವಾದ ಹೊಳಪು, ಅದರಲ್ಲಿ ಒಣಗಿದ ಕೆರೆಯ ನೆಲದ ಥರ ಸಣ್ಣ ಸಣ್ಣ ಬಿರುಕು. ಕಪ್ಪು ಜಾಗ ಕಂದು ನೇರಳೆ, ಬಿಳಿ ಜಾಗ ಹಳದಿಗೆ ತಿರುಗಿರುತ್ತದೆ. ಎಳೆ ಕಾಣದೆ ಬರೀ ನುಣುಪು ಇದ್ದು, ಕಪ್ಪು ಜಾಗದ ಅಂಚಿನಲ್ಲಿ ಕನ್ನಡಿಯಂಥ ನೀಲಿ ಹೊಳಪು ಇದ್ದರೆ ಅದು ಜೆಲಟಿನ್ ಪ್ರಿಂಟ್ ಇರಬೇಕು. ನನ್ನ ಕಾಲದ್ದು, ಅಥವಾ ನಮ್ಮಪ್ಪನ ಕಾಲದ್ದು.

ನೀಲಿ ಲೈಟು ಯಾಕೆ ಅಂದರೆ, 1950ರ ದಶಕದಿಂದ ಈಚೆಗೆ ಫೋಟೋ ಕಾಗದಕ್ಕೆ ಬೆಳ್ಳಗೆ ಕಾಣಲಿ ಅಂತ ಒಂದು ರಾಸಾಯನಿಕ ಸೇರಿಸಲು ಶುರು ಮಾಡಿದರು. ಬಟ್ಟೆಗೆ ನೀಲಿ ಹಾಕುತ್ತೇವಲ್ಲ, ಹಾಗೆ. ಲೈಟು ಬಿದ್ದರೆ ಅದು ಫಳ್ಳನೆ ಹೊಳೆಯುತ್ತದೆ. ಅಮೆರಿಕದಲ್ಲಿ ಛಾಯಾಗ್ರಾಹಕ ಲೂಯಿಸ್ ಹೈನ್ ಅವರ ಪ್ರಿಂಟ್ ಅಂತ ಮಾರಿದ ಎಷ್ಟೋ ಫೋಟೋಗಳು ಹೀಗೇ ಸಿಕ್ಕಿಬಿದ್ದವು. ಹೈನ್ ತೀರಿಕೊಂಡದ್ದು 1940ರಲ್ಲಿ. ಸಹಿ ಇತ್ತು, ಸ್ಟುಡಿಯೋ ಮೊಹರು ಇತ್ತು, ಕಾಗದ ಮಾತ್ರ ಅವರು ಸತ್ತ ಮೇಲೆ ಹುಟ್ಟಿದ್ದು! 1990ರ ದಶಕದ ಕೊನೆಗೆ ದೊಡ್ಡ ಗಲಾಟೆ ಆಯಿತು.

ಕಟ್ಟಿನ ಅಂಗಡಿ

ಮೈಸೂರಿನಲ್ಲಿ ಫೋಟೋಗೆ ಕಟ್ಟು ಹಾಕುವ ಅಂಗಡಿ ನಮ್ಮದು. ಮಾವ ಹೇಳಿದ್ದೆಲ್ಲ ಸರಿ. ನೀಲಿ ಲೈಟು ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಹಳೆಯದು ಅಂತ ಕುಣಿಯಬೇಡಿ, ಅಷ್ಟೇ. ಇವತ್ತೂ ಆ ರಾಸಾಯನಿಕ ಇಲ್ಲದ ಕಾಗದ ಸಿಗುತ್ತದೆ. ಹೊಳೆದರೆ ಹೊಸದು, ಹೊಳೆಯದಿದ್ದರೆ ಪರೀಕ್ಷೆ ಇನ್ನೂ ಬಾಕಿ.

ರಟ್ಟನ್ನೂ ನೋಡಿ. ಆಲ್ಬಮ್‌ನಿಂದ ಕಿತ್ತದ್ದಾದರೆ ಹಿಂಬದಿಯಲ್ಲಿ ಇನ್ನೊಂದು ಫೋಟೋ ಇರಬಹುದು, ಅಥವಾ ಇದ್ದ ಗುರುತು ಚೌಕವಾಗಿ ಉಳಿದಿರುತ್ತದೆ. ಈ ಆಲ್ಬಮ್ ಒಡೆಯುವ ಕೆಲಸ ನನಗೆ ಸಂಕಟ. ಇಡೀ ಆಲ್ಬಮ್‌ಗಿಂತ ಬಿಡಿ ಬಿಡಿಯಾಗಿ ಜಾಸ್ತಿ ಹುಟ್ಟುತ್ತದೆ ಅಂತ ವ್ಯಾಪಾರಿಗಳು ಬ್ಲೇಡ್ ಹಾಕುತ್ತಾರೆ. ಯಾವ ಚಿತ್ರದ ಪಕ್ಕ ಯಾವುದು ಇತ್ತು, ಯಾರ ಮನೆಯದು, ಎಲ್ಲಾ ಅಲ್ಲಿಗೇ ಅಳಿಸಿಹೋಗುತ್ತದೆ.

ಸೀತಾಳೆ

ಪುಸ್ತಕಗಳಿಗೂ ಅದೇ ಗತಿ. 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಬಗ್ಗೆ ಒಂದು ದೊಡ್ಡ ಪುಸ್ತಕ ಬಂತು. ಪಿಗೌ, ನೀಲ್, ಬಿಗ್ಸ್ ತೆಗೆದ ಚಿತ್ರಗಳು, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಬರವಣಿಗೆ. ಆಗ ಫೋಟೋ ಅಚ್ಚು ಹಾಕುವ ವಿಧಾನ ಇನ್ನೂ ಬಳಕೆಗೆ ಬಂದಿರಲಿಲ್ಲ. ಹಾಗಾಗಿ ಪ್ರತಿ ಪ್ರತಿಯಲ್ಲೂ ಅಸಲಿ ಆಲ್ಬುಮೆನ್ ಪ್ರಿಂಟ್‌ಗಳನ್ನೇ ಅಂಟಿಸಿದ್ದಾರೆ. ಪಿಗೌ, ಬಿಗ್ಸ್ ನೆಗೆಟಿವ್ ತೆಗೆದದ್ದು 1850ರ ದಶಕದಲ್ಲಿ, ಪ್ರಿಂಟ್ ಹಾಕಿದ್ದು ಸುಮಾರು ಹತ್ತು ವರ್ಷ ಆದ ಮೇಲೆ, ಬೇರೆ ದೇಶದಲ್ಲಿ. ಅದು ವಿಂಟೇಜಾ ಅಂತ ಕೇಳಿದರೆ ಇಬ್ಬರು ತಜ್ಞರು ಮೂರು ಉತ್ತರ ಕೊಡುತ್ತಾರೆ. ನಾನಾದರೆ ಆ ಪದವನ್ನೇ ಬಳಸದೆ ಎರಡೂ ತಾರೀಕು ಬರೆಯುತ್ತೇನೆ.

ರವೆ ಇಡ್ಲಿ

ನನಗೆ ಈಗ ಕುತೂಹಲ ಹುಟ್ಟಿತು. ಕೊಳ್ಳುವುದು ಹುಚ್ಚು ಅನ್ನುವ ಅಭಿಪ್ರಾಯ ಮಾತ್ರ ಬದಲಾಗಿಲ್ಲ. ಆಕಾಶ ಯಾಕೆ ಅಷ್ಟು ಬೋಳು? ಹಂಪಿಯಲ್ಲಿ ಮೋಡ ಇರಲಿಲ್ವಾ?

ಡಾರ್ಕ್‌ರೂಮ್ ಮಾವ

ಆಗಿನ ನೆಗೆಟಿವ್‌ಗೆ ನೀಲಿ ಬಣ್ಣ ಅಂದರೆ ಬಲು ಪ್ರೀತಿ. ಕಲ್ಲು ಸರಿಯಾಗಿ ಮೂಡುವಷ್ಟರಲ್ಲಿ ಆಕಾಶ ಪೂರ್ತಿ ಸುಟ್ಟುಹೋಗಿರುತ್ತದೆ. ಮೋಡ ಇದ್ದರೂ ಸಿಗುವುದಿಲ್ಲ.

ಕಮಲಾಪುರದವನು

ಹೋಗಿ ಬಂದೆ!

ಹರಾಜು ಮನೆಯ ಹುಡುಗಿ ಬಿಳಿ ಹತ್ತಿ ಕೈಗವಸು ಕೊಟ್ಟಳು. ಭೂತಗನ್ನಡಿ ತೆಗೆದಾಗ ಸ್ವಲ್ಪ ನಕ್ಕಳು. ನೀಲಿ ಲೈಟು ತೆಗೆದಾಗ ನಗಲಿಲ್ಲ, ಒಳಗೆ ಹೋಗಿ ಹಿರಿಯರೊಬ್ಬರನ್ನು ಕರೆದುಕೊಂಡು ಬಂದಳು. ಅವರೇ ಪಕ್ಕದಲ್ಲಿ ನಿಂತು ಪರದೆ ಎಳೆದುಕೊಟ್ಟರು, ಅದು ದೊಡ್ಡತನ.

ಚುಕ್ಕಿ ಇಲ್ಲ. ಎಳೆ ಇದೆ. ಬಿರುಕೂ ಇದೆ ಮಾವ, ನೀವು ಹೇಳಿದ ಹಾಗೇ ಕೆರೆಯ ನೆಲ. ಬಣ್ಣ ಕಂದು, ಅಂಚು ಹಳದಿ. ಲೈಟಿಗೆ ಹೊಳೆಯಲಿಲ್ಲ. ಹಿಂಬದಿಯಲ್ಲಿ ಚೌಕದ ಗುರುತು ಇದೆ, ಆಲ್ಬಮ್‌ನಿಂದ ಬ್ಲೇಡ್ ಹಾಕಿ ತೆಗೆದದ್ದೇ. ಸೀಸದ ಕಡ್ಡಿಯಲ್ಲಿ 14 ಅಂತ ಒಂದು ಸಂಖ್ಯೆ, ಬೇರೇನೂ ಇಲ್ಲ.

ಸೀತಾಳೆ ಮೇಡಂ ಹೇಳಿದ್ದನ್ನು ಆ ಹಿರಿಯರ ಮುಂದೆ ಇಟ್ಟೆ. ಎಲೆ, ಕೋನ, ಕಾಗದದ ನೆಗೆಟಿವ್, ಎಲ್ಲಾ. ಅವರು ಹತ್ತು ನಿಮಿಷ ಸುಮ್ಮನೆ ನೋಡಿದರು. ಇವತ್ತು ಸಂಜೆ ಪಟ್ಟಿ ತಿದ್ದಿದ್ದಾರೆ: ಛಾಯಾಗ್ರಾಹಕ ತಿಳಿದಿಲ್ಲ, ಸುಮಾರು 1860ರ ದಶಕ. ಅಂದಾಜು 25ರಿಂದ 35 ಸಾವಿರ!

ಹೊಸಪೇಟೆ ಗೈಡ್

ಲಯನ್ ಇರಬಹುದಾ?

ಸೀತಾಳೆ

ಇರಬಹುದು. ಲಯನ್ ಗಾಜಿನ ನೆಗೆಟಿವ್‌ನವರೇ. ಆದರೆ ಆ ಕಾಲಕ್ಕೆ ಅವರೊಬ್ಬರೇ ಕ್ಯಾಮೆರಾ ಹಿಡಿದು ತಿರುಗಿದವರಲ್ಲ. ಅವರದು ಅಂತ ಖಚಿತವಾದ ಪ್ರಿಂಟ್ ಜೊತೆ ಇಟ್ಟು, ಅಳತೆ ಮತ್ತು ಕೋನ ಹೋಲಿಸದೆ ಹೆಸರು ಹಾಕಬಾರದು. ಒಂದು ತಪ್ಪು ಹೆಸರು ಈಗಷ್ಟೇ ತೆಗೆಸಿದ್ದೇವೆ.

ಡಾರ್ಕ್‌ರೂಮ್ ಮಾವ

ಹರಾಜಿನ ದಿನ ಜೋಪಾನ. ಸುತ್ತಿಗೆ ಬಿದ್ದ ಬೆಲೆ ಬೇರೆ, ಕೈಬಿಡುವ ದುಡ್ಡು ಬೇರೆ. ಹರಾಜು ಮನೆಯವರ ಕಮಿಷನ್ ಸಾಮಾನ್ಯವಾಗಿ ನೂರಕ್ಕೆ ಇಪ್ಪತ್ತೋ ಇಪ್ಪತ್ತೈದೋ ಇರುತ್ತದೆ. ಅದರ ಮೇಲೆ ಜಿಎಸ್‌ಟಿ. ನಿಮ್ಮ ಹತ್ತಿರ 45 ಇದ್ದರೆ 34, 35ಕ್ಕೆ ಬಾಯಿ ಮುಚ್ಚಬೇಕು. ಚೀಟಿಯಲ್ಲಿ ಬರೆದು ಹೆಂಡತಿ ಕೈಗೆ ಕೊಡಿ.

ಕಮಲಾಪುರದವನು

38ಕ್ಕೆ ಬಿತ್ತು. ನನ್ನದೇ.

35ಕ್ಕೆ ನಿಲ್ಲಿಸಬೇಕಿತ್ತು, ಗೊತ್ತು. ಚೀಟಿ ಬರೆದಿದ್ದೆ, ಹೆಂಡತಿ ಕೈಗೆ ಕೊಟ್ಟಿರಲಿಲ್ಲ. ಫೋನಿನಲ್ಲಿ ಇನ್ನೊಬ್ಬರು ಯಾರೋ ಬಿಡದೆ ಕೂಗುತ್ತಿದ್ದರು. 36 ಅಂದೆ, ಅವರು 37 ಅಂದರು, ನನ್ನ ಕೈ ತಾನಾಗಿ ಮೇಲೆ ಹೋಯಿತು. ಎಲ್ಲಾ ಸೇರಿ 50 ಸಾವಿರದ ಹತ್ತಿರ ಹತ್ತಿರ ಆಯಿತು. ಈ ತಿಂಗಳು ಮನೆಯಲ್ಲಿ ನಾನು ತುಂಬಾ ಒಳ್ಳೆಯವನು.

ಕಟ್ಟಿನ ಅಂಗಡಿಯವರೇ, ಹಾಲಿನ ದೊಡ್ಡ ಗೋಡೆ ಖಾಲಿ ಇಟ್ಟಿದ್ದೇನೆ. ಎದುರಿಗೇ ಕಿಟಕಿ, ಒಳ್ಳೇ ಬೆಳಕು. ಯಾವ ಥರದ ಕಟ್ಟು ಹಾಕಿಸಲಿ?

ಕಟ್ಟಿನ ಅಂಗಡಿ

ನನ್ನ ವ್ಯಾಪಾರ ನಾನೇ ಕೆಡಿಸಿಕೊಳ್ಳುತ್ತಿದ್ದೇನೆ, ಆದರೂ ಹೇಳುತ್ತೇನೆ. ಹಾಕಿಸಬೇಡಿ. ಆಲ್ಬುಮೆನ್‌ಗೆ ಬೆಳಕೇ ಶತ್ರು. ಕಿಟಕಿಯ ಎದುರು ಹಾಕಿದರೆ ನಿಮ್ಮ ಕಣ್ಣೆದುರೇ ಗೋಪುರ ಎರಡನೇ ಸಲ ಮಾಯ ಆಗುತ್ತದೆ. ಹಿಂದೆ ಪ್ಲೈವುಡ್ಡು, ಹಾರ್ಡ್‌ಬೋರ್ಡು ಇಟ್ಟರೆ ಅದರ ಆಮ್ಲ ಇಳಿದು ಕಂದು ಕಲೆ ಬೇರೆ. ಆಮ್ಲ ಇಲ್ಲದ ರಟ್ಟಿನ ಡಬ್ಬಿ ಮಾಡಿಸಿ, ಮಲಗಿಸಿ, ಬೀರುವಿನಲ್ಲಿ ಇಡಿ. ಹೊರಗೋಡೆಗೆ ತಾಗಿದ ಬೀರು ಬೇಡ. ಹಳೇ ರಟ್ಟಿನಿಂದ ಕೀಳಲು ಮಾತ್ರ ಹೋಗಬೇಡಿ, ಪ್ರಿಂಟೂ ಹೋಗುತ್ತದೆ, ಹಿಂದಿನ ಆ 14 ಕೂಡ ಹೋಗುತ್ತದೆ. ಗೋಡೆಗೆ ಬೇಕಾದರೆ ಸ್ಕ್ಯಾನ್ ಮಾಡಿಸಿ ಒಂದು ಕಾಪಿ ಹಾಕಿಸಿ. ಅದಕ್ಕೆ ಎಂಥ ಕಟ್ಟು ಬೇಕಾದರೂ ಮಾಡಿಕೊಡುತ್ತೇನೆ.

ರವೆ ಇಡ್ಲಿ

ಒಂದು ನಿಮಿಷ. 50 ಸಾವಿರ ಕೊಟ್ಟು, ಅಸಲಿಯನ್ನು ಬೀರುವಿನಲ್ಲಿ ಇಟ್ಟು, ಗೋಡೆಗೆ ಕಾಪಿನಾ? ಮೊದಲನೇ ದಿನ ನಾನು ಏನು ಹೇಳಿದ್ದೆ? 300 ರೂಪಾಯಿ!

ಡಲ್ಲಾಸ್ ಧಾರವಾಡಿ

ಇಡ್ಲಿಯವರಿಗೆ ಒಂದು ಪ್ಲೇಟ್ ಚಟ್ನಿ ಜಾಸ್ತಿ ಕೊಡಿ ಯಾರಾದರೂ.

ಹೊಸಪೇಟೆ ಗೈಡ್

ಡಬ್ಬಿ ಊರಿಗೆ ತರುವುದು ಬೇಡ, ಸ್ಕ್ಯಾನ್ ಕಳಿಸಿ ಸಾಕು. ಬೆಳಗ್ಗೆ ಗೇಟು ತೆಗೆದ ತಕ್ಷಣ ಹೋದರೆ ಜನ ಇರುವುದಿಲ್ಲ. ಅವನು ನಿಂತ ಜಾಗ ಹುಡುಕಿ ಅಲ್ಲೇ ನಿಂತು ಒಂದು ಫೋಟೋ ತೆಗೆದು ಹಾಕುತ್ತೇನೆ.

ಕಮಲಾಪುರದವನು

ಸ್ಕ್ಯಾನ್ ಕಳಿಸಿದ್ದೇನೆ ಗೈಡ್ ಅಣ್ಣ.

ಇಡ್ಲಿಯವರೇ, ಸೋತೆ, ಒಪ್ಪಿಕೊಂಡೆ. ಕಾಪಿಗೆ 650 ಆಯಿತು, 300 ಅಲ್ಲ, ಅದೊಂದು ನನ್ನ ಕಡೆಯ ಗೆಲುವು. ಮೊನ್ನೆ ಊರಿನಿಂದ ಅಪ್ಪ ಬಂದಿದ್ದರು. ಗೋಡೆಯ ಮೇಲಿನ ಕಾಪಿ ನೋಡಿ, ಹ್ಞೂಂ ಚೆನ್ನಾಗಿದೆ ಅಂತ ಟಿವಿ ಹಾಕಿಕೊಂಡರು. ರಾತ್ರಿ ಊಟ ಆದ ಮೇಲೆ ಬೀರು ತೆಗೆದು, ಡಬ್ಬಿ ಮೇಜಿನ ಮೇಲಿಟ್ಟು ಮುಚ್ಚಳ ಎತ್ತಿದೆ. ಟಿವಿ ಆರಿಸು ಅಂದರು. ಆಮೇಲೆ ಕನ್ನಡಕ ಕೇಳಿದರು.